ಗೋಡೆಯಾಚೆಯ ತೇವ

ಏಪ್ರಿಲ್ ೧೬, ಬೆಳಗ್ಗೆ

ಫಿಲ್ಟರ್ ತೊಳೆದೆ. ಪಂಪಿನ ಸದ್ದು ಸರಿಯಿದೆ. ಪ್ರತಾಪ ಆಗಲೇ ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕುಳಿತಿದ್ದ. ಕರೆಂಟಿನ ಕಂಬದಿಂದ ಬಿದ್ದ ಮೇಲೆ ನನ್ನ ಗಂಡನ ಬೆನ್ನು ನೆಲದ ಮೇಲೆ ನಡೆಯಗೊಡುತ್ತಿಲ್ಲ, ನೀರಿನಲ್ಲಿ ನಡೆಯಗೊಡುತ್ತದೆ. ಹುಬ್ಬಳ್ಳಿಯ ಪೂಲಿಗೆ ಕರೆದೊಯ್ದರೆ ಬಸ್ಸಿನ ಕುಲುಕಾಟಕ್ಕೇ ಅರ್ಧ ಜೀವ ಹೋಗುತ್ತಿತ್ತು. ಅದಕ್ಕೇ ಹಿತ್ತಲಲ್ಲಿ ಈ ಪೂಲ್. ಅಣ್ಣಿಗೇರಿ ಮಂದಿ ನಗುತ್ತಾರೆ. ನಗಲಿ.

ಇವತ್ತು ಪೂಲಿನ ಅಂಚಿನ ಕಂಬಿ ಬಿಟ್ಟು ನಡೆದ. ನನ್ನ ಕಡೆ ನೋಡಲಿಲ್ಲ, ನೀರೊಳಗಿನ ತನ್ನ ಕಾಲನ್ನೇ ನೋಡುತ್ತಿದ್ದ. ನನಗೆ ಬ್ಯಾಂಕಿನ ಡ್ಯೂಟಿಗೆ ಲೇಟಾಯಿತು.

ಏಪ್ರಿಲ್ ೧೯, ಸಂಜೆ

ಬಾಜು ಮನೆಯ ಮಾಬುಬಿ ಚಾಚಿ ಬಂದಿದ್ದರು. ಮಗಳು ನಿಲೋಫರ್ ಬಾಣಂತನಕ್ಕೆ ಬಂದಿದ್ದಾಳೆ.

“ದುರ್ಗಾ, ನಮ್ಮ ಒಳಗಿನ ಖೋಲಿ ಗ್ವಾಡಿ ಹಸಿ ಆಗೇತಿ. ಬುಡಕ್ಕ ಸೀಳು ಬಿಟ್ಟೈತಿ. ನಿಲೋಫರ್ ಕೂಸಿನ್ನ ಹಾಕ್ಕೊಂಡು ಅಲ್ಲೇ ಮಲಗ್ತಾಳ.”

“ಬ್ಯಾಸಗಿ ರೀ ಚಾಚಿ. ಕರಿ ಮಣ್ಣಿನ ಎರಿ ಭೂಮಿ ಬಿರಿತೈತಿ, ಗ್ವಾಡಿನೂ ಬಿರಿತಾವು.”

“ಬಿರಿತಾವು ಖರೆ. ಹಸಿ ಆಗೂದಿಲ್ಲಲ್ಲ?”

ಚಹಾ ಕುಡಿದು ಹೋದರು. ಪ್ರತಾಪ ಮಲಗಿದ್ದ. ಎದ್ದ ಮೇಲೂ ನಾನು ಅವನಿಗೆ ಹೇಳಲಿಲ್ಲ.

ಏಪ್ರಿಲ್ ೨೦

ಪೈಪು ಹಾಕಿದ ರಮಜಾನ್‌ನನ್ನು ಗುಡಗೇರಿಯಿಂದ ಕರೆಸಿದೆ. ಪೂಲಿನ ಹೊಲಸು ನೀರು ಹೋಗುವ ಪೈಪು ನೆಲದೊಳಗೆ ಮಾಬುಬಿಯವರ ಗೋಡೆಗೆ ಹತ್ತಿಕೊಂಡೇ ಹೋಗಿದೆ. ಅಲ್ಲಿ ಸರಳು ಚುಚ್ಚಿ ತೆಗೆದ. ತುದಿಗೆ ಕೆಸರು.

“ಭೂಮಿ ಬಿರಿದು ಪೈಪ್ ಜಗ್ಗೇತ್ರಿ ಮೇಡಂ. ಜಾಯಿಂಟ್ ಬಿಟ್ಟೈತಿ. ಗ್ವಾಡಿ ಬಿಟ್ಟು ದೂರ ಹಾಕಬೇಕಿತ್ತು, ನಂದs ತಪ್ಪಾತು. ಪೂಲ್ ಖಾಲಿ ಮಾಡ್ರಿ, ಹೊಸಾ ಲೈನ್ ಹಾಕ್ತೀನಿ.”

“ಸದ್ಯಕ್ಕ ಬ್ಯಾಡ.”

ಸದ್ಯಕ್ಕೆ ಅಂದರೆ ಎಲ್ಲಿಯವರೆಗೆ? ಅವನು ಕೇಳಲಿಲ್ಲ. ನಾನೂ...

ಏಪ್ರಿಲ್ ೨೯, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯುವುದು? ತೊಳೆದ ನೀರೆಲ್ಲ ಆ ಪೈಪಿಗೇ ಹೋಗುತ್ತದೆಂದು ಫಿಲ್ಟರ್ ತೊಳೆಯುವುದು ಕಡಿಮೆ ಮಾಡಿದ್ದೇನೆ. ನೀರು ಹಸಿರಾಗುತ್ತಿದೆ. ಪ್ರತಾಪ ಈಗ ಒಂದು ದಡದಿಂದ ಇನ್ನೊಂದಕ್ಕೆ ನಡೆಯುತ್ತಾನೆ. ಊಟ ಹೆಚ್ಚಿದೆ, ಸಿಡುಕು ಇಳಿದಿದೆ. ಬಾಜು ಮನೆಯಿಂದ ಕೂಸಿನ ಕೆಮ್ಮು ಕೇಳುತ್ತದೆ — ಅಥವಾ ನನಗೆ ಹಾಗೆ ಅನ್ನಿಸುತ್ತದೆ. ಹಿತ್ತಲಿಗೆ ಹೋಗುತ್ತೇನೆ, ಬರುತ್ತೇನೆ. ಮತ್ತೆ ಹೋಗುತ್ತೇನೆ. ಕುಳಿತಲ್ಲಿ ಕೂರಲಾಗುತ್ತಿಲ್ಲ.

ಮೇ ೨, ಸಂಜೆ

ಬ್ಯಾಂಕಿನಿಂದ ಬಂದರೆ ಪೂಲ್ ಅರ್ಧ ಖಾಲಿ. ರಮಜಾನ್‌ನ ಪಂಪು ನೀರನ್ನು ಮುಂದಿನ ರಸ್ತೆ ಗಟಾರಕ್ಕೆ ತಳ್ಳುತ್ತಿತ್ತು. ಪ್ರತಾಪ ದಡದಲ್ಲಿ ಕುಳಿತಿದ್ದ. ಫೋನ್ ಮಾಡಿ ಕರೆಸಿದ್ದು ಅವನೇ.

“ರಮಜಾನ್ ಸರಳು ಚುಚ್ಚೂದು ಚಾಚಿ ಕಂಡಿದ್ರಂತ. ಹಿತ್ತಲ ಗ್ವಾಡಿ ಮ್ಯಾಲಿಂದ ಕೇಳಿದ್ರು, ಪೈಪ್ ಯಾವಾಗ ರಿಪೇರಿ ಮಾಡಸ್ತೀರಿ ಅಂತ. ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಯಾಕ ಹೇಳಲಿಲ್ಲ?”

“ನೀ ನಡ್ಯಾಕತ್ತಿದ್ದಿ.”

ಅವನು ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕಕ್ಕಿಟ್ಟ.

“ಆ ಗ್ವಾಡಿ ಬಿದ್ದು ಕೂಸಿಗೆ ಏನರ ಆಗಿದ್ರ, ನಾ ನಡಕೋತ ಎಲ್ಲಿಗೆ ಹೋಗಬೇಕಿತ್ತು ಹೇಳು.”

ಮಾಬುಬಿಯವರ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ನಿಲೋಫರ್ ಕೂಸನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋದಳು.

ಮೇ ೧೧

ಹಳೆಯ ಪೈಪು ಕಿತ್ತಾಯಿತು. ಹೊಸ ಲೈನನ್ನು ನಮ್ಮ ಮನೆ ಸುತ್ತಿಸಿ ರಸ್ತೆಗೆ ತರಬೇಕು, ಆದರೆ ಇಳಿಜಾರು ಸಿಗುತ್ತಿಲ್ಲ. ರಮಜಾನ್ ಮಟ್ಟ ನೋಡಿ ನೋಡಿ ಬೇಸತ್ತ. ಪಡುವಣಕ್ಕೆ ಮೋಡ. ಮಳೆಯಾದರೆ ತೋಡಿದ ತಗ್ಗಿನಲ್ಲಿ ನೀರು ನಿಂತು ಮತ್ತದೇ ಗೋಡೆಗೆ... ಪ್ರತಾಪ ಮಂಚ ಹಿಡಿದಿದ್ದಾನೆ. ಗೊಣಗುವುದಿಲ್ಲ. ಅದೇ ಕಷ್ಟ.

ಮೇ ೧೩, ಬೆಳಗ್ಗೆ

ಮಾಬುಬಿ ತಗ್ಗಿನ ದಂಡೆಗೆ ಬಂದು ನಿಂತರು.

“ಇಳಿಜಾರು ಯಾ ಕಡೆ ಐತೋ ರಮಜಾನ್?”

“ನಿಮ್ಮ ಹಿತ್ತಲ ಕಡೆ ಐತ್ರಿ ಚಾಚಿ. ಹಿಂದಿನ ಓಣಿ ಗಟಾರ ತೆಳಗ ಐತಿ.”

“ಮತ್ತ ಅಲ್ಲಿಂದs ಒಯ್ಯಿ. ಗ್ವಾಡಿ ಬಿಟ್ಟು ದೂರ, ನುಗ್ಗಿ ಗಿಡದ ಆಚೆ. ಪೈಪ್ ಬ್ಯಾಡ, ಸಿಮೆಂಟಿನ ತೆರೆದ ಗಟಾರ ಮಾಡು. ಸೋರಿದ್ರ ಕಣ್ಣಿಗೆ ಕಾಣಬೇಕು.”

ಆಮೇಲೆ ನನ್ನ ಕಡೆ ತಿರುಗಿದರು.

“ಕಂಡರ ಹೇಳಬೇಕು ನೋಡು.”

“ಹೇಳ್ತೀನ್ರಿ.”

ನಿಲೋಫರ್ ಒಪ್ಪಿದ್ದಾಳೋ ಇಲ್ಲವೋ. ಕೇಳುವ ಧೈರ್ಯವಾಗಲಿಲ್ಲ.

ಜೂನ್ ೬, ಬೆಳಗ್ಗೆ

ರಾತ್ರಿ ಜೋರು ಮಳೆ ಬಿದ್ದಿದೆ. ಎದ್ದವಳೇ ಅವರ ಹಿತ್ತಲಿಗೆ ಓಡಿದೆ. ಗಟಾರದಲ್ಲಿ ಕಪ್ಪು ನೀರು ಭರದಿಂದ ಓಣಿಯತ್ತ ಹೋಗುತ್ತಿತ್ತು. ನಿಲೋಫರ್ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕರೆದಳು. ನನ್ನ ಕೈ ಹಿಡಿದು ಗೋಡೆಯ ಬುಡಕ್ಕೆ ಒತ್ತಿದಳು. ಒಣಗಿತ್ತು.

“ಆದ್ರೂ ಕೂಸು ಮುಂದಿನ ಖೋಲ್ಯಾಗs ಮಲಗತೈತ್ರಿ ಅಕ್ಕಾ.”

“ಮಲಗಲಿ,” ಎಂದೆ.

ಪೂಲ್ ತುಂಬಿದೆ. ಪ್ರತಾಪ ಹನಿ ಮಳೆಯಲ್ಲೇ ಇಳಿದ. ಬೆನ್ನು ಮತ್ತೆ ಬಿಗಿದುಕೊಂಡಿದೆ, ಮೊದಲಿನಿಂದ ಶುರು ಮಾಡಬೇಕು. ಹಲ್ಲು ಕಚ್ಚಿಕೊಂಡು ನಿಂತಿದ್ದಾನೆ. ನಾನು ದಡದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆಚೆಯಿಂದ ಮಾಬುಬಿ ಕೂಗುತ್ತಿದ್ದಾರೆ — ನುಗ್ಗೆಯ ಟೊಂಗೆ ಮುರಿದು ಗಟಾರಕ್ಕೆ ಅಡ್ಡ ಬಿದ್ದಿದೆಯಂತೆ, ನೀರು ಗೋಡೆ ಕಡೆ ತಿರುಗುತ್ತಿದೆಯಂತೆ.

“ನೀ ಹೋಗು,” ಅಂದ ಪ್ರತಾಪ. “ನಾ ಏನ್ ಮುಳುಗೂದಿಲ್ಲ.”

ಸನಿಕೆ ಎಲ್ಲಿಟ್ಟೆ? ಹೊರಟೆ.