ಐದನೇ ಲೇನಿನ ಹನ್ನೊಂದನೇ ತೂತು

ಮಾನ್ಯ ಕಾರ್ಯದರ್ಶಿಗಳೇ,

ಕ್ರೀಡಾಂಗಣದ ಹಿಂದಿರುವ ಗಾಳಿಬಂದೂಕು ಸಭಾಂಗಣದ ಆಡಳಿತ ತಮ್ಮ ಕೈಯಲ್ಲಿದೆ. ಅದೇ ಕೈಯ ಸಹಿ ಹೊತ್ತ ಪತ್ರವೊಂದು ಕಳೆದ ವಾರ ನನ್ನ ಹೊಲಿಗೆ ಅಂಗಡಿಗೆ ಬಂತು. ನನ್ನ ಜಾಕೆಟ್ಟಿಗೆ ಲೇಬಲ್ ಇಲ್ಲವಂತೆ, ಬಂದೂಕಿಗೆ ಪ್ರಮಾಣಪತ್ರ ಇಲ್ಲವಂತೆ, ನಾನು ಹಾರಿಸುವ ಪೆಲೆಟ್ಟುಗಳು ತಮ್ಮ ಪಟ್ಟಿಯಲ್ಲಿರುವ ಕಂಪನಿಯವಲ್ಲವಂತೆ. ಆದ್ದರಿಂದ ಈ ತಿಂಗಳ ಕೊನೆಯ ದಿನ ನೋಂದಣಿ ಪುಸ್ತಕದಿಂದ ನನ್ನ ಹೆಸರನ್ನು ಹೊಡೆದುಹಾಕಲಾಗುವುದಂತೆ. ಇಪ್ಪತ್ತಾರು ವರ್ಷಗಳ ನಂತರ ಆ ಪುಸ್ತಕಕ್ಕೆ ಮರಳಿದ ಹೆಸರು ಅದು. ಶಾಯಿ ಆರಿ ಇನ್ನೂ ಹತ್ತು ತಿಂಗಳಾಗಿಲ್ಲ. ಈ ಅಹವಾಲನ್ನು ತಮ್ಮ ಸಲಹಾ ಪೆಟ್ಟಿಗೆಗೆ ಹಾಕಬಹುದಿತ್ತು. ಆದರೆ ಅದರ ಬೀಗದ ಕೈ ಕಳೆದು ಮೂರು ವರ್ಷವಾಯಿತೆಂದು ತಮ್ಮ ಗುಮಾಸ್ತರೇ ಹೇಳಿದ್ದರಿಂದ, ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ. ನನಗೀಗ ಐವತ್ತೊಂದು. ವೃತ್ತಿಯಲ್ಲಿ ದರ್ಜಿ: ಪ್ಯಾಂಟು, ಕೋಟು, ಶಾಲೆಯ ಸಮವಸ್ತ್ರ, ಪರದೆ, ಎಲ್ಲವನ್ನೂ ಹೊಲಿಯುತ್ತೇನೆ. ಇಪ್ಪತ್ತೈದರ ವಯಸ್ಸಿನವರೆಗೆ ಇದೇ ಸಭಾಂಗಣದಲ್ಲಿ ವಾರಕ್ಕೆ ಮೂರು ದಿನ ನಿಂತು ಗುರಿ ಅಭ್ಯಾಸ ಮಾಡಿದವಳು. ಬಿಟ್ಟಿದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಅವಳಿ ಮಕ್ಕಳು ಹುಟ್ಟಿದರು, ಅದೇ ವರ್ಷ ಅಂಗಡಿ ಹುಟ್ಟಿತು, ಮೂರೂ ಒಟ್ಟಿಗೆ ಅಳತೊಡಗಿದವು. ಮೂರನ್ನೂ ಸಮಾಧಾನ ಮಾಡಿ ತಲೆ ಎತ್ತುವ ಹೊತ್ತಿಗೆ ಕೂದಲು ನೆರೆತಿತ್ತು.

ಹೋದ ವರ್ಷ ತಮ್ಮದೇ ಕಚೇರಿಯಿಂದ ಕರೆ ಬಂತು, ಸಭಾಂಗಣದ ಕಿಟಕಿಗಳಿಗೆ ಪರದೆ ಬೇಕೆಂದು. ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಾಗ ಹಿಂದಿನಿಂದ ಟಪ್ ಎಂಬ ಸದ್ದು ಕೇಳಿಸಿತು. ಸೀಸದ ಪೆಲೆಟ್ಟು ಕಾಗದ ತೂರಿ ಹೋಗುವ ಸದ್ದು. ನನಗೇ ಗೊತ್ತಿಲ್ಲದೆ ನನ್ನ ಕಾಲುಗಳು ಅಗಲವಾದವು, ಸೊಂಟ ಮುಂದೆ ಬಂತು, ಎಡಮೊಣಕೈ ಪಕ್ಕೆಗೆ ಆತುಕೊಂಡಿತು. ಕೈಯಲ್ಲಿ ಇದ್ದದ್ದು ಬರೀ ಟೇಪು. ಮೂಲೆಯ ಮೇಜಿನ ಬಳಿ ಕೂತು ಬಂದೂಕು ಬಿಚ್ಚುತ್ತಿದ್ದ ರಿಪೇರಿ ಯಜಮಾನರು, ನನ್ನ ಕಾಲದಲ್ಲೂ ಅಲ್ಲಿದ್ದವರು, ಕನ್ನಡಕ ಏರಿಸಿ ನೋಡಿದರು. ಮುಖ ನೋಡಿ ಗುರುತು ಹಿಡಿಯಲಿಲ್ಲ, ನಿಂತ ಭಂಗಿ ನೋಡಿ ಹಿಡಿದರು.

"ಎಡಗಾಲು ಈಗ್ಲೂ ಹೊರಗಡೇನೇ ಹಾಕ್ತೀಯಲ್ಲಮ್ಮ" ಎಂದರು. ಅಷ್ಟೇ. ನಾನು ಟೇಪಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಆಮೇಲೆ ಕಿಟಕಿಯ ಅಗಲವನ್ನು ಇನ್ನೊಮ್ಮೆ ಅಳೆಯಬೇಕಾಯಿತು.

ರಿಪೇರಿ ಯಜಮಾನರ ಬಳಿ ಗುಜರಿಗೆ ಹೋಗಬೇಕಿದ್ದ ಹಳೆಯ ಬಂದೂಕೊಂದು ಬಿದ್ದಿತ್ತು, ಪಕ್ಕದ ಸನ್ನೆ ಎಳೆದು ಗಾಳಿ ಒತ್ತುವಂಥದು. ಒಳಗಿನ ಚರ್ಮದ ವಾಷರು ಸವೆದು ಉಸಿರು ಬಿಡುತ್ತಿತ್ತು. ಅಂಥ ವಾಷರು ಈಗ ಎಲ್ಲೂ ಸಿಗುವುದಿಲ್ಲ ಎಂದರು. ಚರ್ಮ ಕತ್ತರಿಸುವುದು ನನಗೆ ಹೊಸದೇ? ನಮ್ಮವರ ಹಳೆಯ ಬೂಟಿನ ನಾಲಿಗೆಯನ್ನು ದುಂಡಗೆ ಕತ್ತರಿಸಿ, ಎರಡು ದಿನ ಎಣ್ಣೆಯಲ್ಲಿ ನೆನೆಹಾಕಿ, ಮೂರನೇ ಪ್ರಯತ್ನಕ್ಕೆ ಸರಿಯಾಗಿ ಕೂರಿಸಿದೆ. ನಮ್ಮವರು ಬಸ್ ಚಾಲಕರು, ಒಂದು ಬೂಟಿಗೆ ನಾಲಿಗೆ ಇದ್ದು ಇನ್ನೊಂದಕ್ಕೆ ಇಲ್ಲದ್ದನ್ನು ವಾರದ ನಂತರ ಗಮನಿಸಿದರು. ಕೋಪ ಮಾಡಿಕೊಳ್ಳಲಿಲ್ಲ, ಬಂದೂಕಿನೊಳಗೆ ತಮ್ಮದೂ ಒಂದು ಪಾಲಿದೆ ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಉಳಿದದ್ದೂ ಹೀಗೇ ಕೂಡಿಬಂತು. ಜಾಕೆಟ್ಟಿಗೆ ಲಾರಿ ಟಾರ್ಪಾಲಿನ ತುಂಡು, ಮೊಣಕೈ ಮತ್ತು ಭುಜಕ್ಕೆ ಹರಿದ ಸೋಫಾದ ಚರ್ಮ. ಕೈಗವಸು ವೆಲ್ಡಿಂಗ್ ಅಂಗಡಿಯದು, ಬೆರಳು ಕತ್ತರಿಸಿದ್ದು ಮಾತ್ರ ನಾನು. ಎಡಗಣ್ಣು ಮುಚ್ಚಲು ಶಾಂಪೂ ಬಾಟಲಿಯ ಒಂದು ಚೂರು. ಅದನ್ನು ಕನ್ನಡಕಕ್ಕೆ ಸಿಕ್ಕಿಸಿಕೊಂಡ ದಿನ ನನ್ನ ನಾದಿನಿ, ಅಂಗಡಿಯಲ್ಲಿ ಕಾಜಾ ಗುಂಡಿ ನೋಡಿಕೊಳ್ಳುವವಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಪೆಲೆಟ್ಟುಗಳಲ್ಲಿ ಅಗ್ಗದವು ಎಂದರೆ ದುಂಡುತಲೆಯವು. ಸ್ಪರ್ಧೆಯವರು ಬಳಸುವ ಚಪ್ಪಟೆತಲೆಯವು ನನ್ನ ಕೈಗೆಟುಕುವುದಿಲ್ಲ. ಡಬ್ಬಿ ತಂದ ದಿನ ಬಟ್ಟೆ ಕತ್ತರಿಸುವ ಮೇಜಿನ ಗಾಜಿನ ಮೇಲೆ ಒಂದೊಂದನ್ನೇ ಉರುಳಿಸುತ್ತೇನೆ. ನೆಟ್ಟಗೆ ಉರುಳಿದ್ದು ಗುರಿಗೆ, ಸೊಟ್ಟಗೆ ಉರುಳಿದ್ದು ಅಭ್ಯಾಸಕ್ಕೆ, ಉರುಳದೆ ಮೊಂಡು ಹಿಡಿದದ್ದು ಪರದೆಯ ಅಂಚಿಗೆ ಭಾರಕ್ಕೆ. ಸ್ವಾಮಿ, ತಮ್ಮ ಕಿಟಕಿಯ ಪರದೆಗಳು ಗಾಳಿಗೆ ಹಾರದೆ ಅಷ್ಟು ಅಚ್ಚುಕಟ್ಟಾಗಿ ನಿಂತಿರುವುದು ಹೇಗೆಂದುಕೊಂಡಿರಿ?

ಅಂಗಡಿಯ ಹಿಂಗೋಡೆಗೆ ಒಂದು ಕರಿ ಚುಕ್ಕೆ ಅಂಟಿಸಿ, ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಖಾಲಿ ಬಂದೂಕು ಹಿಡಿದು ಅಲುಗಾಡದೆ ನಿಲ್ಲುವುದು ನನ್ನ ಅಭ್ಯಾಸ. ಒಂದು ದಿನ ಪ್ಯಾಂಟು ಗಿಡ್ಡವಾಯಿತೆಂದು ಜಗಳಕ್ಕೆ ಬಂದ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ನನ್ನ ಬೆನ್ನು ನೋಡಿದರು, ಬಂದೂಕು ನೋಡಿದರು. ಉದ್ದ ಇಷ್ಟೇ ಇರಲಿ, ಕಾಲಿಗೆ ಗಾಳಿಯಾಡುತ್ತದೆ ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಅವರನ್ನು ಬೀದಿಯ ತಿರುವಿನವರೆಗೆ ಅಟ್ಟಿಸಿಕೊಂಡು ಹೋಗಿ ಕರೆತಂದು, ಅಂಚು ಬಿಚ್ಚಿ ಎರಡು ಬೆರಳು ಇಳಿಸಿಕೊಟ್ಟೆ.

ಇಷ್ಟೆಲ್ಲ ಯಾಕೆ ಎಂದು ತಾವು ಕೇಳಬಹುದು. ಹೇಳಿಬಿಡುತ್ತೇನೆ. ದಿನವಿಡೀ ನಾನು ಬೇರೆಯವರ ಅಳತೆಯಲ್ಲಿ ಬದುಕುತ್ತೇನೆ: ಇವರ ಭುಜ, ಅವರ ಸೊಂಟ, ಮತ್ತೊಬ್ಬರ ಅವಸರ. ಮಂಗಳವಾರ ನಾಲ್ಕು ಗಂಟೆಗೆ ಆರನೇ ಲೇನಿನಲ್ಲಿ ನಿಂತು, ಉಸಿರು ಅರ್ಧ ಬಿಟ್ಟು ಹಿಡಿದಾಗ, ಎಂಟು ಹತ್ತು ಸೆಕೆಂಡು ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಆಗುವಷ್ಟು ಸಂತೋಷ ಬೇರೆಲ್ಲೂ ಆಗುವುದಿಲ್ಲ. ತಾವು ಕಿತ್ತುಕೊಳ್ಳಲು ಹೊರಟಿರುವುದು ಅದನ್ನು. ಜಾಕೆಟ್ಟು ಹೋದರೆ ಇನ್ನೊಂದು ಹೊಲಿದುಕೊಂಡೇನು, ಮಂಗಳವಾರವನ್ನು ಹೊಲಿಯಲು ನನಗೆ ಬರುವುದಿಲ್ಲ.

ಈಗ ಎರಡು ತಿಂಗಳ ಹಿಂದಿನ ಒಂದು ಮಂಗಳವಾರಕ್ಕೆ ಬರೋಣ. ತಾವು ಎಂದಿನಂತೆ ಬರುವ ಭಾನುವಾರ ಸಭಾಂಗಣ ಬೇರೆ ಕಾರ್ಯಕ್ರಮಕ್ಕೆ ಹೋಗಿದ್ದರಿಂದ ತಾವು ಅಂದು ಅಭ್ಯಾಸಕ್ಕೆ ಬಂದಿದ್ದಿರಿ. ಐದನೇ ಲೇನು ತಮ್ಮದು, ಆರನೆಯದು ನನ್ನದು. ತಮ್ಮ ಬಂದೂಕು, ಜಾಕೆಟ್ಟು, ಬೂಟು, ಟೋಪಿ ಎಲ್ಲವೂ ಲೇಬಲ್ ಸಮೇತ ಹೊಳೆಯುತ್ತಿದ್ದವು. ಇಬ್ಬರೂ ಒಂದೊಂದು ಗುರಿಚೀಟಿಗೆ ಹತ್ತು ಹತ್ತು ಹೊಡೆತ ಎಂದು ಶುರು ಮಾಡಿದೆವು. ಒಂಬತ್ತನೇ ಹೊಡೆತದ ಹೊತ್ತಿಗೆ ನನಗೆ ಬೆವರು, ಕನ್ನಡಕಕ್ಕೆ ಮಂಜು. ಬಂದೂಕು ಇಳಿಸಿ, ಕನ್ನಡಕ ಒರೆಸಿ, ಮತ್ತೆ ಭುಜಕ್ಕೇರಿಸಿ, ಉಸಿರು ಹಿಡಿದು ಹತ್ತನೆಯದನ್ನು ಹಾರಿಸಿದೆ. ಅಷ್ಟು ಚೆನ್ನಾಗಿ ನಾನು ಆ ದಿನ ಹೊಡೆದಿರಲಿಲ್ಲ. ಕೈ ತಿರುಗಿಸಿ ರಾಟೆ ಸುತ್ತಿ ಚೀಟಿಯನ್ನು ಹತ್ತಿರ ತಂದೆ. ಎಣಿಸಿದೆ. ಒಂಬತ್ತೇ ತೂತು.

ಆ ಕ್ಷಣದಲ್ಲೇ ಐದನೇ ಲೇನಿನಿಂದ ತಮ್ಮ ಉದ್ಗಾರ. ಗುಮಾಸ್ತರನ್ನು ಕರೆದಿರಿ, ಯಜಮಾನರನ್ನು ಕರೆದಿರಿ, ನನ್ನನ್ನೂ ಕರೆದಿರಿ. ತಮ್ಮ ಚೀಟಿಯ ನಟ್ಟನಡುವೆ, ಚುಕ್ಕೆಯನ್ನೇ ನುಂಗಿದ ಹಾಗೆ, ಒಂದು ಹತ್ತು. ಸುತ್ತ ಆರು, ಏಳು, ಎಂಟು. ಮೂಲೆಯಲ್ಲಿ, ಎರಡೇ ಅಂಕದ ವೃತ್ತದಲ್ಲಿ ಒಂದು ಒಂಟಿ ತೂತು. ಒಟ್ಟು ಹನ್ನೊಂದು. ತಾವು ಎಣಿಸಿದಿರಿ, ನನ್ನ ಕಡೆ ತಿರುಗಿ ದೊಡ್ಡ ಮನಸ್ಸಿನಿಂದ ನಕ್ಕಿರಿ. ಆರನೇ ಲೇನಿನಿಂದ ಒಂದು ದಾರಿ ತಪ್ಪಿ ನಮ್ಮ ಮನೆಗೆ ಬಂದಿದೆ, ಪರವಾಗಿಲ್ಲ ಎಂದು ಹೇಳಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ಮೂಲೆಯ ಒಂಟಿ ತೂತಿನ ಮೇಲೆ ಗೀಟೆಳೆದಿರಿ. ನಾನು ತಲೆ ತಗ್ಗಿಸಿ ಕ್ಷಮೆ ಕೇಳಿದೆ. ಪಕ್ಕದವರ ಗುರಿಗೆ ಹೊಡೆಯುವುದು ಈ ಆಟದಲ್ಲಿ ಬೇರೆಯವರ ತಟ್ಟೆಗೆ ಕೈ ಹಾಕಿದ ಹಾಗೆ, ಹೊಸಬರು ಮಾಡುವ ತಪ್ಪು. ಇಪ್ಪತ್ತೈದರಲ್ಲಿ ಒಮ್ಮೆಯೂ ಮಾಡದ್ದನ್ನು ಐವತ್ತೊಂದರಲ್ಲಿ ಮಾಡಿದ ನಾಚಿಕೆಗೆ, ಯಾವ ತೂತು ಯಾರದೆಂದು ನೋಡುವ ಧೈರ್ಯವೂ ನನಗೆ ಬರಲಿಲ್ಲ.

ತಮ್ಮ ಪತ್ರ ಬಂದ ಮರುದಿನ ಜಾಕೆಟ್ಟನ್ನು ತೋಳಿಗೆ ಹಾಕಿಕೊಂಡು ಕಚೇರಿಗೆ ಬಂದೆ. ಗುಮಾಸ್ತರು ಪಾಪ ಒಳ್ಳೆಯವರು. ಮೇಜಿನ ಡ್ರಾಯರಿನಿಂದ ದಪ್ಪ ಅಳೆಯುವ ಉಪಕರಣ ತೆಗೆದು ಬೆನ್ನು, ತೋಳು, ಭುಜ, ಎಲ್ಲ ಕಡೆ ಅಳೆದರು. ನಿಯಮ ಒಪ್ಪುವ ಗರಿಷ್ಠ ದಪ್ಪಕ್ಕಿಂತ ಕೂದಲೆಳೆಯಷ್ಟು ತೆಳುವಾಗಿಯೇ ಇತ್ತು.

"ಅಳತೆ ಎಲ್ಲಾ ಸರಿಯಾಗೇ ಇದೆ ಅಕ್ಕ. ಲೇಬಲ್ ಒಂದು ಇದ್ದಿದ್ರೆ" ಎಂದು ರಾಗ ಎಳೆದರು.

ಲೇಬಲ್ ತಾನೆ, ಅಂಗಡಿಯಲ್ಲಿ ಒಂದು ಡಬ್ಬಿ ತುಂಬ ಇವೆ, ಯಾವ ಕಂಪನಿಯದು ಬೇಕೋ ಹೇಳಿ, ನಿಂತ ಕಾಲಲ್ಲಿ ಹೊಲಿದು ತರುತ್ತೇನೆ ಎಂದೆ. ಅವರ ಮುಖ ಬಿಳಿಚಿಕೊಂಡಿತು. ತಮಾಷೆಗೆ ಅಂದೆ ಎಂದು ಸಮಾಧಾನ ಮಾಡಿದ ಮೇಲೆ ತಮ್ಮ ಕೋಣೆಗೆ ಕರೆದುಕೊಂಡು ಹೋದರು.

ತಾವು ಸೌಜನ್ಯದಿಂದಲೇ ಮಾತಾಡಿದಿರಿ, ಸುಳ್ಳು ಹೇಳಬಾರದು. ಕುರ್ಚಿ ತೋರಿಸಿದಿರಿ. ಗುರಿಗಾರಿಕೆ ಈಗ ವಿಜ್ಞಾನವಾಗಿದೆ, ಟಾರ್ಪಾಲು ಬೂಟಿನ ಚರ್ಮ ಇಟ್ಟುಕೊಂಡು ಮಾಡುವಂಥದ್ದಲ್ಲ ಎಂದಿರಿ. ನಾನು ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬೆರಳನ್ನು ಗೋಡೆಯತ್ತ ತೋರಿಸಿದಿರಿ.

"ನಿಖರತೆ ಅನ್ನೋದು ಉಪಕರಣದಿಂದ ಬರುತ್ತಮ್ಮ. ಬೇಕಾದ್ರೆ ಆ ಚೀಟಿ ನೋಡಿ."

ನೋಡಿದೆ. ಅಂದಿನ ಗುರಿಚೀಟಿ, ಗಾಜು ಹಾಕಿಸಿದ ಕಟ್ಟಿನೊಳಗೆ. ನೋಡಿ ಎಂದದ್ದು ತಾವೇ ಆದ್ದರಿಂದ ಎದ್ದು ಹತ್ತಿರ ಹೋಗಿ ಚೆನ್ನಾಗಿಯೇ ನೋಡಿದೆ. ಸೂಜಿಯ ಕಣ್ಣಿಗೆ ದಾರ ಪೋಣಿಸಿ ಬದುಕುವವಳು ನಾನು, ತೂತು ನೋಡುವುದು ನನ್ನ ಕಸುಬು. ಚಪ್ಪಟೆತಲೆಯ ಪೆಲೆಟ್ಟು ಕಾಗದವನ್ನು ಗುಂಡಿ ಕತ್ತರಿಸುವ ಯಂತ್ರದಂತೆ ದುಂಡಗೆ, ನುಣ್ಣಗೆ ಕತ್ತರಿಸುತ್ತದೆ. ದುಂಡುತಲೆಯದು ಹಾಗಲ್ಲ, ಅಂಚನ್ನು ಚಿಂದಿ ಮಾಡಿ ಹರಿದುಕೊಂಡು ಹೋಗುತ್ತದೆ. ಕಾರ್ಯದರ್ಶಿಗಳೇ, ಆ ಚೀಟಿಯಲ್ಲಿ ಹತ್ತು ತೂತುಗಳ ಅಂಚು ನುಣ್ಣಗಿದೆ. ತಾವು ಕೆಂಪು ಗೀಟೆಳೆದ ಮೂಲೆಯ ಒಂಟಿ ತೂತೂ ಆ ಹತ್ತರಲ್ಲಿ ಒಂದು. ಚಿಂದಿ ಅಂಚಿನದು ಒಂದೇ ಒಂದು. ಅದು ನಟ್ಟನಡುವೆ ಇದೆ. ಇಡೀ ಸಭಾಂಗಣದಲ್ಲಿ ದುಂಡುತಲೆಯ ಪೆಲೆಟ್ಟು ಹಾರಿಸುವವರು ಎಷ್ಟು ಜನ ಎಂದು ಯಾರನ್ನೂ ಕೇಳಬೇಕಿಲ್ಲ. ತಮ್ಮ ಪತ್ರದ ಮೂರನೇ ಸಾಲಿನಲ್ಲಿ ತಾವೇ ಬರೆದಿದ್ದೀರಿ, ನಾನೊಬ್ಬಳೇ ಎಂದು.

ಅಲ್ಲೇ ಹೇಳಬಹುದಿತ್ತು. ಆದರೆ ನಗು ಉಕ್ಕಿ ಬರುತ್ತಿತ್ತು, ಬಾಯಿ ತೆರೆದರೆ ಮಾತಿಗಿಂತ ಮೊದಲು ಅದೇ ಹೊರಬೀಳುತ್ತಿತ್ತು. ಜಾಕೆಟ್ಟನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ನಾನು ಅಳುತ್ತಿದ್ದೇನೆಂದು ತಿಳಿದು ಗುಮಾಸ್ತರು ನೀರು ತಂದುಕೊಟ್ಟರು. ಅವರಿಗೆ ಈ ಮೂಲಕ ಧನ್ಯವಾದ. ಅಂಗಡಿಗೆ ಬಂದು ಹೇಳಿದಾಗ ನಾದಿನಿ ಕಾಜಾ ಹಾಕುವುದನ್ನೇ ನಿಲ್ಲಿಸಿ ಕೂತುಬಿಟ್ಟಳು. ನಮ್ಮವರಂತೂ ಕಾರ್ಯದರ್ಶಿಗಳ ಗೋಡೆಯ ಮೇಲೆ ನನ್ನ ಬೂಟಿನ ನಾಲಿಗೆ ತೂಗುತ್ತಿದೆ ಎಂದು ಮೂರು ದಿನದಿಂದ ಅದನ್ನೇ ಹೇಳುತ್ತಿದ್ದಾರೆ.

ಹಾಗಂತ ಆ ಹತ್ತು ನನಗೆ ಸೇರಬೇಕೆಂದು ಕೇಳುತ್ತಿಲ್ಲ. ನಿಯಮ ನನಗೂ ಗೊತ್ತು. ಪಕ್ಕದವರ ಗುರಿಗೆ ಹೊಡೆದವಳಿಗೆ ಆ ಹೊಡೆತಕ್ಕೆ ಸಿಗುವುದು ಸೊನ್ನೆ. ಎಷ್ಟೇ ನಡುವೆ ಬಿದ್ದರೂ ಸೊನ್ನೆಯೇ. ತಪ್ಪು ನನ್ನದು, ಒಪ್ಪಿಕೊಂಡಿದ್ದೇನೆ. ನನ್ನ ಪ್ರಶ್ನೆ ಬೇರೆ. ನನ್ನ ಬಂದೂಕು, ನನ್ನ ಟಾರ್ಪಾಲು, ನನ್ನ ಅಗ್ಗದ ಸೀಸ ಇವೆಲ್ಲ ಸೇರಿ ಮಾಡಿದ ಒಂದು ತೂತು ತಮ್ಮ ಕಚೇರಿಯಲ್ಲಿ ಗಾಜಿನೊಳಗೆ ನಿಖರತೆಯ ಸಾಕ್ಷಿಯಾಗಿ ಇರಬಹುದಾದರೆ, ಅವುಗಳ ಒಡತಿ ವಾರಕ್ಕೊಂದು ಗಂಟೆ ಆರನೇ ಲೇನಿನಲ್ಲಿ ಇರಬಾರದೇ? ದಪ್ಪ ಅಳೆಯುವ ಉಪಕರಣ ತಮ್ಮ ಡ್ರಾಯರಿನಲ್ಲೇ ಇರುವಾಗ, ಅಳತೆಯನ್ನು ಬಿಟ್ಟು ಲೇಬಲನ್ನು ಓದುವುದು ಯಾವ ವಿಜ್ಞಾನ? ನನ್ನ ಅಂಗಡಿಯಲ್ಲಿ ನಾನು ಹಾಗೆ ಮಾಡಿದ್ದರೆ ಊರಿನ ಅರ್ಧ ಜನ ಪಕ್ಕದ ಮನೆಯವರ ಪ್ಯಾಂಟು ತೊಟ್ಟು ಓಡಾಡಬೇಕಾಗುತ್ತಿತ್ತು. ನನ್ನ ಹಾಗೆ ಕೈಯಲ್ಲಿ ಸಿಕ್ಕಿದ್ದರಲ್ಲೇ ಮತ್ತೆ ಶುರು ಮಾಡಬೇಕೆಂದಿರುವ ಇನ್ನೂ ನಾಲ್ಕು ಜನ ಲೇಬಲ್ ಕಡ್ಡಾಯವೆಂಬ ತಮ್ಮ ಸೂಚನಾ ಫಲಕ ಓದಿ ಬಾಗಿಲಿನಿಂದಲೇ ಹಿಂದಿರುಗಿದ್ದನ್ನು ರಿಪೇರಿ ಯಜಮಾನರು ಕಣ್ಣಾರೆ ಕಂಡಿದ್ದಾರೆ. ಅವರಲ್ಲಿ ಯಾರ ಎಡಗಾಲು ಹೊರಗಿತ್ತೋ, ಯಾರಿಗೆ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಯಾರದೇ ಉಪಕರಣವಾಗಲಿ, ಅಳೆದು ನೋಡಿ, ಪರೀಕ್ಷಿಸಿ, ಸುರಕ್ಷಿತವಲ್ಲದಿದ್ದರೆ ಮುಲಾಜಿಲ್ಲದೆ ತಿರಸ್ಕರಿಸಿ. ಲೇಬಲ್ ಇಲ್ಲವೆಂಬ ಕಾರಣಕ್ಕೆ ಮಾತ್ರ ಬೇಡ. ಮುಂದಿನ ಮಂಗಳವಾರ ನಾಲ್ಕು ಗಂಟೆಗೆ ಐದನೇ ಲೇನಿಗೆ ದಯಮಾಡಿಸಿ, ನಾನು ಆರನೆಯದರಲ್ಲಿ ಇರುತ್ತೇನೆ. ಕನ್ನಡಕ ಚೆನ್ನಾಗಿ ಒರೆಸಿಕೊಂಡು ಬರುತ್ತೇನೆ, ಈ ಸಲ ತಮ್ಮ ಮನೆಗೆ ನುಗ್ಗುವುದಿಲ್ಲ. ಗೋಡೆಯ ಮೇಲಿನ ಚೀಟಿ ಅಲ್ಲೇ ಇರಲಿ, ಚೆನ್ನಾಗಿ ಕಾಣುತ್ತದೆ. ಕೆಂಪು ಗೀಟು ಮಾತ್ರ ತಪ್ಪು ಜಾಗದಲ್ಲಿದೆ. ಗಾಜು ತೆಗೆಸಿ, ಮೂಲೆಯ ತೂತನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡು, ನಡುವಿನದರ ಮೇಲೆ ಗೀಟೆಳೆಯಿರಿ. ಆಮೇಲೆ ನೋಂದಣಿ ಪುಸ್ತಕ ತೆರೆದು, ಆ ದಿನಾಂಕದ ಎದುರು, ನನ್ನ ಹತ್ತನೆಯ ಹೊಡೆತಕ್ಕೆ ಒಂದು ಸೊನ್ನೆ ಬರೆಯಿರಿ. ಅದು ನನ್ನದೇ ಸೊನ್ನೆ, ನನಗೆ ಬೇಕು. ಅದನ್ನು ಬರೆಯುವುದಕ್ಕಾದರೂ ಆ ಪುಸ್ತಕದಲ್ಲಿ ನನ್ನ ಹೆಸರು ಇರಬೇಕಲ್ಲವೇ?

ಇಂತಿ,
ಒಮ್ಮೆ ದಾರಿ ತಪ್ಪಿ ತಮ್ಮ ಗೋಡೆ ಸೇರಿದ,
ಲೇಬಲ್ ಇಲ್ಲದ ಆರನೇ ಲೇನಿನವಳು