ಎಂಟನೇ ಇನಿಂಗ್ಸ್‌ನಲ್ಲಿ ಹೇಳಿದ ಮಾತು

ಅಕ್ಟೋಬರ್ 5, ಶನಿವಾರ

ವಿಲ್ಕಿನ್‌ನ ಮೊಣಕೈಗೆ ಇಪ್ಪತ್ತು ನಿಮಿಷ ಐಸ್. ಉಳಿದ ಪಿಚರ್‌ಗಳಿಗೆ ಹತ್ತು. ಬೆಂಚಿನ ಕೆಳಗೆ ಬಿದ್ದಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡಿಸಿದೆ. ಅದಕ್ಕೆ ಬೇರೆಯವರಿದ್ದಾರೆ, ಆದರೂ. ಬೇಸ್‌ಬಾಲ್ ಮೈದಾನದ ಬೇಲಿಯ ಹಿಂದೆ, ಚೆಂಡೆಸೆಯುವ ಬದಲಿ ಪಿಚರ್‌ಗಳು ಸರದಿ ಕಾಯುವ ಈ ಬುಲ್‌ಪೆನ್‌ನಲ್ಲಿ ಅವರ ಕೋಚ್ ಆಗಿ ಕುಳಿತು ಹನ್ನೊಂದು ವರ್ಷ.

ಪ್ಲೇಆಫ್‌ನ ಮೊದಲ ಸುತ್ತು, ಐದು ಪಂದ್ಯಗಳ ಸರಣಿ 2–2. ನಾಳೆ ಸೋತರೆ ಈ ವರ್ಷದ ಆಟ ಮುಗಿಯಿತು. ನಮ್ಮ ಊರು ಡುಲೂತ್‌ಗೆ ಆಗಲೇ ಚಳಿ, ಸರೋವರದ ಕಡೆಯಿಂದ ಗಾಳಿ.

ವಿಲ್ಕಿನ್ ತೆಹಾದಾ ಮೂರು ದಿನ ಸತತವಾಗಿ ಎಸೆದಿದ್ದಾನೆ. ಕೈ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದ. ಇಪ್ಪತ್ತನಾಲ್ಕು ವಯಸ್ಸಿನ ಯಾವ ಪಿಚರ್ ಬೇರೆ ಉತ್ತರ ಕೊಟ್ಟಾನು?

ಅಕ್ಟೋಬರ್ 6, ಭಾನುವಾರ, ಸಂಜೆ 7

ಸೋತೆವು. 5–4.

ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು. ಎಂಟನೇ ಇನಿಂಗ್ಸ್. ನಾವು 4–2 ಮುಂದೆ. ಅವರ ಇಬ್ಬರು ಬೇಸ್ ಮೇಲೆ. ಬರುತ್ತಿದ್ದವನು ಎಡಗೈ ಬ್ಯಾಟರ್, ಅವನೆದುರು ನಿಲ್ಲಿಸಲು ನಮ್ಮಲ್ಲಿ ಇದ್ದ ಎಡಗೈ ಪಿಚರ್ ವಿಲ್ಕಿನ್ ಒಬ್ಬನೇ. ಮ್ಯಾನೇಜರ್ ರಸ್ ಹಲ್ವರ್ಸನ್ ಮೈದಾನದ ಆ ತುದಿಯಿಂದ ಫೋನ್ ಮಾಡಿದ. ಅಲ್ಲಿಂದ ಅವನಿಗೆ ನಮ್ಮ ಬೇಲಿಯ ಹಿಂದಿನದು ಕಾಣುವುದಿಲ್ಲ. ನಾನು ಹೇಳಿದ್ದೇ ಅವನಿಗೆ ಕಣ್ಣು.

"ಲೆನ್, ರೆಡಿ ಇದಾನಾ?"

ಕೈ ಬಿಸಿ ಮಾಡಿಕೊಳ್ಳುವಾಗ ವಿಲ್ಕಿನ್ ಎಸೆದ ಕೊನೆಯ ಐದು ಚೆಂಡು ಅರ್ಧ ದಾರಿಯಲ್ಲೇ ಕುಸಿದಿದ್ದವು. ಒಂದೊಂದು ಎಸೆತದ ನಂತರವೂ ಒದ್ದೆ ಕೈ ಕೊಡವುವಂತೆ ಕೊಡವುತ್ತಿದ್ದ. ನನ್ನನ್ನೇ ನೋಡುತ್ತಿದ್ದ… ಆಗಲ್ಲ ಅಂತ ಹೇಳಬೇಡಿ ಎನ್ನುವ ನೋಟ.

ರೆಡಿ ಎಂದೆ.

ಎರಡನೇ ಎಸೆತ. ಆ ಹೊಡೆತ ಬೇಲಿ ದಾಟಿ ಬಂದು ನಾನು ಕುಳಿತಿದ್ದ ಬೆಂಚಿಗೇ ಬಡಿಯಿತು. ಹೋಮ್ ರನ್, ಬೇಸ್ ಮೇಲಿದ್ದ ಇಬ್ಬರೂ ಸೇರಿ ಮೂರು ರನ್.

ಪತ್ರಕರ್ತರು ರಸ್‌ನನ್ನು ಮುತ್ತಿಕೊಂಡರು. ದಣಿದವನನ್ನು ಯಾಕೆ ಕರೆದಿರಿ ಎಂದು ಏಳು ಜನ ಏಳು ರೀತಿ ಕೇಳಿದರು. ಏಳಕ್ಕೂ ಒಂದೇ ಉತ್ತರ ಕೊಟ್ಟ: "ನಾನು ಕರೆದೆ. ತೀರ್ಮಾನ ನಂದು." ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

ಅಕ್ಟೋಬರ್ 8, ಮಂಗಳವಾರ

ಪತ್ರಿಕೆಯ ಮುಖಪುಟದಲ್ಲಿ ಕೂಪನ್. ಹಲ್ವರ್ಸನ್‌ರನ್ನು ತೆಗೆಯಬೇಕೇ? ಹೌದು / ಇಲ್ಲ. ಕತ್ತರಿಸಿ ಕಳಿಸಿ. ಒಳಪುಟದಲ್ಲಿ ಅಂಕಿ ಅಂಶ: ಆರು ವರ್ಷ, ನಾಲ್ಕು ಪ್ಲೇಆಫ್, ನಾಲ್ಕರಲ್ಲೂ ಮೊದಲ ಸುತ್ತಿನಲ್ಲೇ ಸೋಲು. ಅಂಕಿ ಸರಿಯಾಗಿದೆ. ಅವನಿಗಿಂತ ಮೊದಲು ಇಪ್ಪತ್ತೆರಡು ವರ್ಷ ಈ ತಂಡ ಪ್ಲೇಆಫ್‌ಗೇ ಹೋಗಿರಲಿಲ್ಲ ಎಂಬುದನ್ನು ಹಾಕಿಲ್ಲ.

ನನ್ನ ಹೆಂಡತಿ ಮಾರ್ಜ್ ಅಡುಗೆಮನೆಯ ಕತ್ತರಿಯಿಂದ ಕೂಪನ್ ಕತ್ತರಿಸಿ 'ಇಲ್ಲ' ಎಂದು ಗುರುತು ಹಾಕಿದಳು. ಅಂಚೆಚೀಟಿ ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಕ್ಷೌರದಂಗಡಿಯಲ್ಲೂ ಅದೇ. ಆರ್ವಿಡ್ ನನ್ನ ಕುತ್ತಿಗೆಗೆ ಕತ್ತಿ ಹಿಡಿದುಕೊಂಡೇ ಹೇಳಿದ: "ನಮ್ಮತ್ತೆ ಎಸೆದಿದ್ರೂ ಅದಕ್ಕಿಂತ ವಾಸಿ ಇರೋದು. ಅವರು ತೀರ್ಕೊಂಡು ಎರಡು ವರ್ಷ ಆಯ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ.

ತಂಡದ ಮಾಲಕಿ ಮಿಸೆಸ್ ಬರ್ಗ್‌ಲಂಡ್ ಹದಿನೇಳನೇ ತಾರೀಕಿಗೆ ತೀರ್ಮಾನ ಹೇಳುತ್ತಾರಂತೆ.

ಅಕ್ಟೋಬರ್ 12, ಶನಿವಾರ

ಮೂರು ದಿನ ಬರೆಯಲು ಕೈ ಬರಲಿಲ್ಲ.

ಇವತ್ತು ವಿಲ್ಕಿನ್ ಮನೆಗೆ ಬಂದ. ಮೊಣಕೈ ಸ್ಕ್ಯಾನ್ ಆಗಿದೆ. ಒಳಗೆ ಲಿಗಮೆಂಟ್ ಹರಿದಿಲ್ಲ, ಆಪರೇಷನ್ ಬೇಡ, ಜನವರಿವರೆಗೆ ಚೆಂಡು ಮುಟ್ಟುವಂತಿಲ್ಲ. ಆ ದಿನ ಇನ್ನೂ ಹತ್ತು ಎಸೆದಿದ್ದರೆ ಹರಿಯುತ್ತಿತ್ತು ಎಂದರಂತೆ ಡಾಕ್ಟರು. ಕಾಫಿ ಮುಗಿಸಿ, ಕಪ್ ಕೆಳಗಿಟ್ಟು ಕೇಳಿದ:

"ಕೋಚ್, ನಿಮಗೆ ಕಂಡಿತ್ತು ಅಲ್ವಾ?"

ಕಂಡಿತ್ತು ಎಂದೆ. ತಲೆಯಾಡಿಸಿದ, ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಅವನು ಹೋದ ಮೇಲೆ ಮಾರ್ಜ್‌ಗೆ ಎಲ್ಲ ಹೇಳಿದೆ. ಫೋನಿನಲ್ಲಿ ಆಡಿದ್ದು ಹೊರಗೆ ಆಡಬಾರದು, ಅದು ನಮ್ಮಲ್ಲಿ ಕಟ್ಟಳೆ. ಕಾಂಟ್ರ್ಯಾಕ್ಟ್ ತಿಂಗಳ ಕೊನೆಗೆ ಮುಗಿಯುತ್ತದೆ, ಐವತ್ತೊಂಬತ್ತರ ಕೋಚ್‌ನನ್ನು ಬೇರೆ ಯಾರೂ ಕರೆಯುವುದಿಲ್ಲ. ಅದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಬುಲ್‌ಪೆನ್ ಕೋಚನ್ನ ತೆಗೀಬೇಕಾ ಅಂತ ಯಾವ ಪೇಪರೂ ಕೂಪನ್ ಹಾಕಲ್ಲ ಲೆನ್. ನೀನೇ ಹೋಗಿ ಹೇಳ್ಬೇಕು."

ಅಕ್ಟೋಬರ್ 13, ಭಾನುವಾರ

ಮೊದಲು ರಸ್‌ಗೆ ಹೇಳುವುದು ನ್ಯಾಯ. ಅವನ ಮನೆಗೆ ಹೋದಾಗ ಏಣಿ ಹತ್ತಿ ಕಿಟಕಿಗೆ ಚಳಿಗಾಲದ ಗಾಜು ಕೂರಿಸುತ್ತಿದ್ದ. ಕೆಲಸ ಹೋಗಲಿರುವವನು ಮನೆ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ. ಕೆಳಗೆ ಏಣಿ ಹಿಡಿದು ನಿಂತೇ ಹೇಳಿದೆ.

ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೋ. ಆರು ವರ್ಷದಿಂದ ನಿನ್ನ 'ರೆಡಿ' ಕೇಳ್ತಿದೀನಿ. ನಿಜವಾದ್ದು ಬೇಗ ಬರತ್ತೆ. ಅವತ್ತು ತಡವಾಯ್ತು."

"ಮತ್ಯಾಕೆ ಕರೆದೆ?"

"ನನಗೆ ಬೇಕಾಗಿದ್ದ ಮಾತು ಕೇಳಿಸ್ತಲ್ಲ, ಸಾಕು ಅಂದ್ಕೊಂಡೆ."

ಮಾಲಕಿಯ ಹತ್ತಿರ ಹೋಗಬೇಡ ಎಂದ. ಒಬ್ಬನ ಕೆಲಸ ಹೋಗುವ ಕಡೆ ಇಬ್ಬರದೂ ಹೋಗುತ್ತದೆ, ಪತ್ರಿಕೆಯವರು ಆಮೇಲೆ ವಿಲ್ಕಿನ್‌ನನ್ನೂ ಬಿಡುವುದಿಲ್ಲ ಎಂದ. ಗಾಜು ಕೂರಿಸಿ ಮುಗಿಯುವವರೆಗೆ ಏಣಿ ಹಿಡಿದಿದ್ದೆ.

ಅಕ್ಟೋಬರ್ 15, ಮಂಗಳವಾರ

ಹೋದೆ.

ಮಿಸೆಸ್ ಬರ್ಗ್‌ಲಂಡ್‌ಗೆ ಎಪ್ಪತ್ತಾರು. ಗಂಡ ತೀರಿಕೊಂಡ ಮೇಲೆ ತಂಡವನ್ನು ಒಬ್ಬರೇ ನಡೆಸುತ್ತಿದ್ದಾರೆ. ಮೇಜಿನ ಪಕ್ಕ ಕೂಪನ್ ತುಂಬಿದ ಮೂರು ಗೋಣಿಚೀಲ. ಎಣಿಸಿಲ್ಲ, ಒಲೆಗೆ ಹಾಕಲು ಒಳ್ಳೆಯದು ಎಂದರು.

ಹೇಳಿದೆ. ವಿಲ್ಕಿನ್‌ನ ನೋಟ, ನನ್ನ ಮಾತು. ರಸ್ ಏಣಿಯ ಮೇಲಿಂದ ಹೇಳಿದ್ದನ್ನು ಹೇಳಲಿಲ್ಲ, ಅದು ಅವನ ಮಾತು. ಅವರು ನಾನು ಕೂತಿದ್ದ ಕುರ್ಚಿ ತೋರಿಸಿದರು.

"ರಸ್ ನಿನ್ನೆ ಇದೇ ಕುರ್ಚೀಲಿ ಕೂತಿದ್ರು. ವಿಲ್ಕಿನ್ ದಣಿದಿರೋದು ತನಗೆ ಗೊತ್ತಿತ್ತು ಅಂದ್ರು. ನಿಮ್ಮ ಹೆಸರು ಎತ್ಲಿಲ್ಲ."

ಒಂದು ಗೋಣಿಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ನಾಲ್ಕು ಸಲ ಸೋತಿದೀವಿ. ನಾಲ್ಕು ಸಲಾನೂ ಯಾಕೆ ಅಂತ ಕೇಳಿದಾಗ ನನಗೆ ಸಿಕ್ಕಿದ್ದು ಗಾಳಿ, ಅಂಪೈರು, ಅದೃಷ್ಟ. ಕಾರಣ ಸಿಕ್ಕಿದ್ದು ಇದೇ ಮೊದಲು." ಕನ್ನಡಕ ತೆಗೆದರು. "ಮುಂದೆ ಇನ್ನೊಬ್ಬ ಪಿಚರ್ ಹಾಗೇ ನೋಡಿದ್ರೆ ಏನ್ ಹೇಳ್ತೀರಿ?"

ಆಗಲ್ಲ ಅಂತೀನಿ ಎಂದೆ. ನನಗೇ ಕೇಳಿಸಿತು, ಬೇಗ ಬಂತು.

ಹೋಗಿ ಎಂದರು. ಕೆಲಸದಿಂದಲೋ, ಕೋಣೆಯಿಂದಲೋ… ಕೇಳಲು ಧೈರ್ಯವಾಗಲಿಲ್ಲ. ಹೊರಗೆ ಬಿಸಿಲಿತ್ತು. ನಡೆದೇ ಮನೆಗೆ ಬಂದೆ, ಮೂರು ಮೈಲಿ. ಮಾರ್ಜ್ ಆಲೂಗೆಡ್ಡೆ ಜೊತೆ ಮೀನು ಬೇಯಿಸಿದ್ದಳು. ಎರಡು ಸಲ ಹಾಕಿಸಿಕೊಂಡೆ.

ಅಕ್ಟೋಬರ್ 17, ಗುರುವಾರ, ಬೆಳಗ್ಗೆ 9

ಪತ್ರಿಕಾಗೋಷ್ಠಿ ಎರಡು ಗಂಟೆಗೆ. ರೇಡಿಯೊದವರು ರಸ್ ಹೋದಂತೆಯೇ ಎಂದು ಬೆಳಗಿನಿಂದ ಹೇಳುತ್ತಿದ್ದಾರೆ, ಅವನ ಜಾಗಕ್ಕೆ ಮೂರು ಹೆಸರೂ ಓದಿದರು.

ಈಗಷ್ಟೇ ರಸ್ ಬಂದ, ಮಾಲಕಿಯ ಆಫೀಸಿನಿಂದ ನೇರವಾಗಿ. ಕೋಟು ತೆಗೆಯದೆ ಅಡುಗೆಮನೆಗೆ ಬಂದು ಕುಳಿತ. ಮಾರ್ಜ್ ಕಾಫಿ ಇಟ್ಟಳು. ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ಗುಟುಕು ಕುಡಿದು ಹೇಳಿದ:

"ಡಾಕ್ಟರು ಜನವರಿ ಅಂದ್ರೂ ವಿಲ್ಕಿನ್ ಮೇ ತಿಂಗಳವರೆಗೂ ಎಸೆಯೋದು ಬೇಡ. ಹಾಗಾಗಿ ಏಪ್ರಿಲ್‌ಗೆ, ಆಟ ಶುರುವಾದಾಗ, ನನಗೊಬ್ಬ ಎಡಗೈಯವನು ಬೇಕು. ಯಾರಿದಾರೆ ನಮ್ಮಲ್ಲಿ?"

ಏಪ್ರಿಲ್‌ಗೆ. ನನಗೆ. ನಮ್ಮಲ್ಲಿ. ಮಾರ್ಜ್ ಕೈಯಲ್ಲಿದ್ದ ಪಾತ್ರೆ ಒರೆಸುತ್ತಲೇ ಕಿಟಕಿಯ ಕಡೆ ತಿರುಗಿಕೊಂಡಳು.

ಸದ್ಯಕ್ಕೆ ಯಾರೂ ರೆಡಿ ಇಲ್ಲ ಎಂದೆ.

ರಸ್ ನನ್ನ ಮುಖ ನೋಡಿದ. ನಗು ಬಂತು ಅವನಿಗೆ, ಹತ್ತು ದಿನದಲ್ಲಿ ಮೊದಲ ಸಲ.

"ಸರಿ. ಯಾರನ್ನ ರೆಡಿ ಮಾಡಬಹುದು, ಬರಿ."

ಈ ಪುಸ್ತಕವೇ ಕೈಗೆ ಸಿಕ್ಕಿತು. ಎದುರಿಗೇ ಕೂತಿದ್ದಾನೆ, ಕಾಯುತ್ತಿದ್ದಾನೆ. ಮೊದಲನೆಯವನು —