ಯಾವ ಯುಗ ಮುಟ್ಟಿದರೂ ಸಾಯುವ ಡೈನೋಸಾರ್‌ಗಳ ಬಗ್ಗೆ

ಮಕ್ಕಳ ಕಲಿಕಾ ಕೇಂದ್ರಗಳ ಉಸ್ತುವಾರಿ ಹೊತ್ತ ಮಾನ್ಯರೇ,

ವಸಂತಪುರದಲ್ಲಿರುವ ತಮ್ಮ ಕೇಂದ್ರದ ಡೈನೋಸಾರ್ ಪರದೆ ಕಳೆದ ಆಯುಧಪೂಜೆಯಿಂದ ಕೆಟ್ಟಿದೆ. ಐದು ಅರ್ಜಿ ಕೊಟ್ಟಾಯಿತು. ಆರನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಬೇರೆ ಯಾರಾದರೂ ಓದಲಿ.

ಉದ್ಘಾಟನೆಯ ದಿನವಾದರೂ ತಾವು ಆ ಪರದೆಯನ್ನು ನೋಡಿರಬೇಕು. ಕೆಳಗೆ ಸಾಲಾಗಿ ಮೂರು ಯುಗಗಳ ಗುಂಡಿ: ಟ್ರಯಾಸಿಕ್, ಜುರಾಸಿಕ್, ಕ್ರಿಟೇಶಿಯಸ್. ಯುಗ ಮುಟ್ಟಿದರೆ ಆ ಕಾಲದ ಕಾಡು. ಪ್ರಾಣಿ ಮುಟ್ಟಿದರೆ ಅದರ ಹೆಸರನ್ನು ಬಿಡಿಸಿ ಬಿಡಿಸಿ ಹೇಳುವ ದನಿ. ಬಲತುದಿಯಲ್ಲಿ ‘ಅಂತ್ಯ’ ಎಂಬ ಇನ್ನೊಂದು ಗುಂಡಿ. ಅದನ್ನು ಒತ್ತಿದರೆ ಉಲ್ಕೆ ಬಿದ್ದು ಎಲ್ಲವೂ ಸುಟ್ಟುಹೋಗುತ್ತದೆ. ಆಯುಧಪೂಜೆಗೆ ಅಟೆಂಡರ್ ಗಂಗಯ್ಯನವರು ಬೀರು, ಫ್ಯಾನು, ಪೊರಕೆಯ ಜೊತೆಗೆ ಪರದೆಗೂ ಗಂಧ ಕುಂಕುಮ ಇಟ್ಟರು. ಭಕ್ತಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ನನ್ನ ಹಾರ್ಡ್‌ವೇರ್ ಅಂಗಡಿಯ ತಕ್ಕಡಿಗೂ ನಾನು ಹಚ್ಚುತ್ತೇನೆ. ಆದರೆ ಗಂಧ ಬಲತುದಿಯ ಚೌಕಟ್ಟಿನೊಳಗೆ ಇಳಿದು ಒಣಗಿಬಿಟ್ಟಿತು. ಯಾರೋ ಸದಾ ‘ಅಂತ್ಯ’ವನ್ನು ಒತ್ತಿ ಹಿಡಿದಿದ್ದಾರೆ ಎಂದೇ ಯಂತ್ರ ಅಂದಿನಿಂದ ನಂಬಿದೆ. ಏನು ಮುಟ್ಟಿದರೂ ಉಲ್ಕೆ ಬೀಳುತ್ತದೆ.

ಚೌಕಟ್ಟಿಗೆ ಇರುವುದು ನಾಲ್ಕು ಸ್ಕ್ರೂ. ನಾನೇ ಬಿಚ್ಚಿ ಒರೆಸಿಕೊಡುತ್ತೇನೆ ಎಂದೆ. “ಸೀಲ್ ಐತೆ ಸಾರ್, ಮುಟ್ಟಿದ್ರೆ ನನ್ ಕೆಲ್ಸ ಹೋಗುತ್ತೆ” ಎಂದರು ಗಂಗಯ್ಯ. ಅರ್ಜಿ ಹಾಕಿದೆ. ತಮ್ಮ ತಂತ್ರಜ್ಞರು ಬಂದರು, ಉಲ್ಕೆ ಬೀಳುವುದನ್ನು ಕೈಕಟ್ಟಿ ನೋಡಿದರು, ಹೋದರು. ಉತ್ತರ ಬಂತು: ‘ಡೈನೋಸಾರ್‌ಗಳು ಅಳಿದುಹೋಗಿರುವುದು ವಿಜ್ಞಾನಕ್ಕೆ ಅನುಗುಣವಾಗಿದ್ದು, ಯಂತ್ರದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ದೂರು ವಿಲೇವಾರಿಯಾಗಿದೆ.’ ಆಹಾ! ಎಂಥ ಪಾಂಡಿತ್ಯ! ಹದಿನಾರು ಕೋಟಿ ವರ್ಷ ಬದುಕಿದವುಗಳ ಬಗ್ಗೆ ಮಕ್ಕಳು ತಿಳಿಯಬೇಕಾದದ್ದು ಅವು ಸತ್ತವು ಎಂಬುದಷ್ಟೇ ಏನು?

ನನ್ನ ಮಗಳು ಲಿಖಿತಾಗೆ ಒಂಬತ್ತು ವರ್ಷ. ಉಗ್ಗು ಇದೆ. ಕ್ಲಾಸಿನಲ್ಲಿ ತನ್ನ ಹೆಸರು ಹೇಳಲೂ ಹೆಣಗಾಡುತ್ತಾಳೆ. ಆ ಪರದೆಯ ಮುಂದೆ ಮಾತ್ರ, ದನಿಯ ಜೊತೆಜೊತೆಗೇ ‘ಬ್ರಾಕಿಯೊಸಾರಸ್’, ‘ಸ್ಟೆಗೊಸಾರಸ್’ ಎಂದು ಒಮ್ಮೆಯೂ ತಡವರಿಸದೆ ಹೇಳುತ್ತಿದ್ದಳು. ಪ್ರತಿ ಶನಿವಾರ ನಾನು ಹಿಂದೆ ನಿಂತು ಕೇಳುತ್ತಿದ್ದೆ. ಅಷ್ಟು ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪೂಜೆಯ ಮರುವಾರ ಅವಳು ಸ್ಟೆಗೊಸಾರಸ್ ಮುಟ್ಟಿದಳು. ಬೆಂಕಿ ಬಿತ್ತು. ಮತ್ತೆ ಮುಟ್ಟಿದಳು, ಮತ್ತೆ ಬಿತ್ತು. ಸ್ಕೂಟರಿನಲ್ಲಿ ಮನೆಗೆ ಬರುವಾಗ ನನ್ನ ಬೆನ್ನ ಹಿಂದಿನಿಂದ, “ನಾ... ನಾನೇ ಸಾಯಿಸ್ಬಿಟ್ಟೆ ಅಲ್ವಾ ಅಪ್ಪ?” ಎಂದಳು. “ಇಲ್ಲ ಪುಟ್ಟಾ, ಅಲ್ಲಿ ಗಂಧ ಅಂಟ್ಕೊಂಡಿದೆ ಅಷ್ಟೇ” ಎಂದೆ. ಸ್ವಲ್ಪ ನಂಬಿದ್ದಳೇನೋ. ಅಷ್ಟರಲ್ಲಿ ತಮ್ಮ ಪತ್ರ ಬಂತು. ಅವಳೇ ಒಡೆದು ಓದಿದಳು. ಯಂತ್ರದಲ್ಲಿ ದೋಷವಿಲ್ಲವಂತೆ. ಹಾಗಾದರೆ ದೋಷ ಇನ್ಯಾರದು, ಮಾನ್ಯರೇ? ಅಂದಿನಿಂದ ಮಗು ಮನೆಯಲ್ಲೂ ಮಾತಾಡುವುದು ಕಡಿಮೆಯಾಗಿದೆ.

ಪರದೆ ಸರಿಹೋಗುವ ಆಸೆ ನನಗೆ ಉಳಿದಿಲ್ಲ, ಆ ಬೇಡಿಕೆಯನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ. ನನಗೆ ಬೇಕಾದದ್ದು ಒಂದೇ ಸಾಲು. ತಮ್ಮ ಕಚೇರಿಯ ಕಾಗದದ ಮೇಲೆ, ಸಹಿ ಮೊಹರಿನೊಂದಿಗೆ, ‘ತಪ್ಪು ಯಂತ್ರದ್ದು, ಮಗುವಿನದಲ್ಲ’ ಎಂದು ಬರೆದು ಕಳುಹಿಸಿ. ಹೆತ್ತ ಅಪ್ಪನ ಮಾತಿಗಿಂತ ಸರ್ಕಾರದ ಪತ್ರವನ್ನೇ ಹೆಚ್ಚು ನಂಬುವ ಒಬ್ಬಳು ನಮ್ಮ ಮನೆಯಲ್ಲಿ ಇನ್ನೂ ಇದ್ದಾಳೆ.

ಇಂತಿ,
ತಮ್ಮ ಉತ್ತರಕ್ಕೆ ಕಾಯದಿರುವುದನ್ನು ಕಲಿಯುತ್ತಿರುವ
ಚಿದಾನಂದ್, ವಸಂತಪುರ